ಪ್ರಾಣದ ಬೆಲೆ ಯಾರ ಕೈಗೆ?

(ಬಾನುಲಿ ಭಾಷಣ)

ಹಳಗನ್ನಡ ಶಾಸನಗಳನ್ನು ಓದುವವರಿಗೆ ಆಗಾಗ ಎದುರಾಗುವ ಒಂದು ಮಾತು ‘ನೆತ್ತರುಗೊಡಗೆ’. ಕಾಲದಿಂದ ಕಾಲಕ್ಕೆ ಅದರ ರೂಪ ಒಂದಿಷ್ಟು ಬದಲಾಗುತ್ತದೆ. ಕೆಲವೆಡೆ ಅದು ನೆತ್ತರ್ಗೊಡಗೆ, ಈಚಿನ ಶತಮಾನಗಳಲ್ಲಿ ರಕ್ತಕೊಡಗೆ, ರಕ್ತಮಾನ್ಯ. ಅರ್ಥ ಮಾತ್ರ ಒಂದೇ: ನೆತ್ತರು ಸುರಿಸಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ನೆರೆಯ ತಮಿಳು ನಾಡಿನ ವೀರಗಲ್ಲುಗಳಲ್ಲಿಯೂ ಇದರ ಒಡಹುಟ್ಟಿನಂಥ ಮಾತು ಇದೆ. ಅವರು ಅದನ್ನು ‘ನೆಯ್ತ್ತೋರ್‌ಪಟ್ಟಿ’ ಎಂದರು. ನೆಯ್ತ್ತೋರ್ ಎಂದರೂ ನೆತ್ತರೇ.

ಈ ಮಾತಿನಲ್ಲಿ ನನಗೆ ಮೆಚ್ಚಿಕೆಯಾಗುವುದು ಅದರ ಮುಚ್ಚುಮರೆಯಿಲ್ಲದ ನೇರ. ಏನು ಹೋಯಿತು, ಅದಕ್ಕೆ ಏನು ಬಂತು ಎಂಬ ಎರಡೂ ಒಂದೇ ಸಮಾಸದಲ್ಲಿ ಮೈಗೆ ಮೈ ತಾಗಿಸಿ ನಿಂತಿವೆ. ನಾವು ಇಂದು ಬಳಸುವ ‘ಪರಿಹಾರ’ ಎಂಬ ಮಾತಿಗೆ ಆ ನೇರವಿಲ್ಲ. ಪರಿಹಾರವೆಂದರೆ ನಿವಾರಣೆ, ತೊಲಗಿಸುವುದು. ದೋಷಕ್ಕೂ ಪರಿಹಾರ, ಗ್ರಹಚಾರಕ್ಕೂ ಪರಿಹಾರ. ಹಳೆಯ ದತ್ತಿಶಾಸನಗಳಲ್ಲಿ ‘ಸರ್ವಪರಿಹಾರ’ವೆಂದರೆ ಎಲ್ಲ ತೆರಿಗೆಗಳಿಂದ ಬಿಡುಗಡೆ. ಬಸ್ಸಿನ ಚಕ್ರಕ್ಕೆ ಸಿಕ್ಕವನ ಹೆಂಡತಿಗೆ ಸಲ್ಲುವ ಹಣಕ್ಕೂ ನಾವು ಇದೇ ಹೆಸರಿಟ್ಟಿದ್ದೇವೆ. ಹಾಗಾದರೆ ಆ ಹಣದಿಂದ ತೊಲಗುವುದು ಯಾವುದು? ಅವಳ ಕಷ್ಟವೋ, ಕೊಟ್ಟವನ ಪಾಪವೋ? ಈ ಸಂದಿಗ್ಧ ಬರಿಯ ಮಾತಿನದಲ್ಲ. ಮನುಷ್ಯನ ಪ್ರಾಣಕ್ಕೂ ಅಂಗಾಂಗಕ್ಕೂ ಬೆಲೆ ಕಟ್ಟಿದ ಚರಿತ್ರೆಯ ಉದ್ದಕ್ಕೂ ಇದು ಹರಿದುಬಂದಿದೆ. ಯಾವ ಸಮಾಜ ಎಷ್ಟು ಬೆಲೆ ಕಟ್ಟಿತು ಎಂಬುದನ್ನು ಚರಿತ್ರಕಾರರು ಬೇಕಾದಷ್ಟು ಚರ್ಚಿಸಿದ್ದಾರೆ. ಆ ಬೆಲೆ ಕೊನೆಗೆ ಯಾರ ಕೈ ಸೇರಿತು ಎಂದು ಕೇಳಿದರೆ ಚಿತ್ರ ಬೇರೆಯಾಗಿ ತೋರುತ್ತದೆ.

ಮೊದಲು ನಮ್ಮ ನಾಡನ್ನೇ ನೋಡೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಎಲ್ಲರಿಗೂ ಪರಿಚಿತವಾದದ್ದು, ಕ್ರಿ.ಶ. ಸುಮಾರು 450ರದೆಂದು ಪಠ್ಯಪುಸ್ತಕಗಳು ಹೇಳುತ್ತವೆ, ವಿದ್ವಾಂಸರು ಕಾಲವನ್ನು ಕುರಿತು ಇನ್ನೂ ವಾದಿಸುತ್ತಾರೆ. ಕನ್ನಡದ ಪ್ರಾಚೀನತೆಗೆ ಸಾಕ್ಷಿಯೆಂದು ನಾವು ಅದನ್ನು ಕೊಂಡಾಡುವಾಗ ಅದರೊಳಗಿನ ಸಂಗತಿ ಹಿಂದೆ ಸರಿದುಬಿಡುತ್ತದೆ. ಅದು ಹೇಳುವುದು ಇಷ್ಟು: ಕೇಕಯ ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸನಿಗೆ ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ‘ಬಾಳ್ಗಳ್ಚು’ ಆಗಿ ಕೊಡಲಾಯಿತು. ಬಾಳ್ ಎಂದರೆ ಕತ್ತಿ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವುದು. ಕಾಳಗ ಮುಗಿಸಿ ಬಂದವನ ಕತ್ತಿಯ ನೆತ್ತರನ್ನು ತೊಳೆದು ಆ ಸಂದರ್ಭದಲ್ಲಿ ಕೊಟ್ಟ ಭೂಮಿಗೆ ಈ ಹೆಸರು. ಅಂದರೆ ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಬರಹಗಳಲ್ಲಿ ಒಂದು, ಯುದ್ಧದಲ್ಲಿ ದುಡಿದವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಪತ್ರ. ಅದನ್ನು ಕದ್ದವನು ಮಹಾಪಾತಕಿ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಕೊಟ್ಟದ್ದು ಕೊಟ್ಟವರ ಕೈಯಲ್ಲಿಯೇ ಉಳಿಯಬೇಕೆಂಬ ಕಾಳಜಿ ಅಷ್ಟು ಹಳೆಯದು.

ಬದುಕಿ ಬಂದವನಿಗೆ ಬಾಳ್ಗಳ್ಚು, ಸತ್ತವನ ಮನೆಗೆ ನೆತ್ತರುಗೊಡಗೆ; ಶಾಸನಗಳೆಲ್ಲ ಈ ಗೆರೆಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತವೆ ಎನ್ನಲಾಗದು. ಆದರೆ ಒಂದು ಕತ್ತಿಯ ನೆತ್ತರನ್ನೂ ಇನ್ನೊಂದು ಮೈಯ ನೆತ್ತರನ್ನೂ ನೆನೆಯುತ್ತದೆ ಎಂಬ ಸೂಕ್ಷ್ಮವನ್ನು ಭಾಷೆಯೇ ಕಾಪಾಡಿಕೊಂಡಿದೆ. ‘ಕಲ್ನಾಡು’ ಎಂಬ ಮೂರನೆಯ ಮಾತೂ ಇದೆ. ಕಲ್ಲಿನೊಡನೆ ಬಂದ ನೆಲ ಅದು.

ಕಲ್ನಾಡಿಗೆ ಹೆಸರುವಾಸಿಯಾದ ನಿದರ್ಶನ ಬೆಂಗಳೂರಿನ ಪಕ್ಕದ ಬೇಗೂರಿನದು. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನು ಅಯ್ಯಪದೇವನ ನೆರವಿಗೆಂದು ನಾಗತ್ತರನನ್ನು ಸಾಮಂತರ ಸೇನೆಯೊಡನೆ ಕಳುಹಿಸುತ್ತಾನೆ. ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾಳಗವಾಗುತ್ತದೆ. ಕಾಳಗ ಕೈಮೀರಿದಾಗ ನಾಗತ್ತರನು ಆನೆಯ ಮೇಲೆ ನುಗ್ಗಿ ಮಡಿಯುತ್ತಾನೆ. ಸುದ್ದಿ ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ‘ನಾಗತ್ತರ ಪಟ್ಟ’ವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಡುತ್ತಾನೆ. ಬೆಂಪೂರೆಂದರೆ ಇಂದಿನ ಬೇಗೂರು. ಸುತ್ತಲಿನ ಹಳ್ಳಿಗಳ ಹೆಸರುಗಳೆಲ್ಲ ಕಲ್ಲಿನಲ್ಲಿ ಸಾಲಾಗಿ ಬರುತ್ತವೆ. ಇಗ್ಗಲೂರಿನ ಹೆಸರೂ ಅಲ್ಲಿದೆ. ಮೇಲೆ ಕಾಳಗದ ಚಿತ್ರ ಎಷ್ಟೇ ಗದ್ದಲದಿಂದ ಕೂಡಿದ್ದರೂ, ಕಲ್ಲು ನಿಜವಾಗಿ ಒಂದು ಹಕ್ಕುಪತ್ರ. ಸತ್ತವನ ಹೆಸರೇ ಒಂದು ಪದವಿಯಾಗಿ, ಅದರ ಬೆನ್ನಿಗೆ ಭೂಮಿ ಬಂತು.

ಅದೇ ಬೇಗೂರಿನಲ್ಲಿ ಇನ್ನೊಂದು ಚಿಕ್ಕ ಬರಹವಿದೆ. ಬೆಂಗಳೂರಿನ ಹೆಸರು ಮೊಟ್ಟಮೊದಲು ಕಾಣುವುದು ಅದರಲ್ಲಿ ಎಂಬ ಕಾರಣಕ್ಕೆ ಈಗ ಅದು ಪ್ರಸಿದ್ಧ. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮನೆಗೆ ಸೇರಿದ ಪೆರ್ವೊಣ ಸೆಟ್ಟಿ ಎಂಬವನು ಸತ್ತನೆಂದು ಅದು ತಿಳಿಸುತ್ತದೆ. ಉಳಿದಿರುವ ಸಾಲುಗಳಲ್ಲಿ ಭೂಮಿಯ ಮಾತಿಲ್ಲ. ಒಬ್ಬನಿಗೆ ಹನ್ನೆರಡು ಹಳ್ಳಿ, ಅದೇ ಮನೆಯ ಇನ್ನೊಬ್ಬನಿಗೆ ‘ಸತ್ತನು’ ಎಂಬ ಒಂದು ಕ್ರಿಯಾಪದ.

ನೆತ್ತರುಗೊಡಗೆಯ ವ್ಯವಸ್ಥೆಯನ್ನು ಹೊಗಳುವ ಮುನ್ನ ಈ ಅಂತರವನ್ನು ಗಮನಿಸಬೇಕು. ಒಡೆಯನಿಗಾಗಿ, ಊರಿಗಾಗಿ, ತುರುಗಳಿಗಾಗಿ, ಹೆಣ್ಣುಮಕ್ಕಳ ಮಾನಕ್ಕಾಗಿ ಹೋರಾಡಿ ಸತ್ತವನ ಪ್ರಾಣಕ್ಕೆ ಮಾತ್ರ ಅಲ್ಲಿ ಲೆಕ್ಕ. ಕೆರೆ ಕಟ್ಟುವಾಗ ಮಣ್ಣು ಕುಸಿದು ಸತ್ತವನಿಗೆ, ಕೋಟೆಗೆ ಕಲ್ಲು ಸಾಗಿಸುವಾಗ ಕಾಲು ಮುರಿದುಕೊಂಡವನಿಗೆ ಅದರಲ್ಲಿ ಎಡೆಯಿರಲಿಲ್ಲ. ಕೊಡುವವನ ಉಪಕಾರಸ್ಮರಣೆಯೇ ಕೊಡುಗೆಯ ಮೂಲವಾಗಿತ್ತೇ ಹೊರತು ಪಡೆಯುವವನ ನಷ್ಟವಲ್ಲ. ಇದಕ್ಕೆ ಆತಕೂರಿನ ಶಾಸನಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಮದ್ದೂರು ತಾಲ್ಲೂಕಿನ ಆತಕೂರಿನ ಆ ಕಲ್ಲೂ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿಯೇ ಇದೆ. ಕಾಲ ಶಕ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಇಮ್ಮಡಿ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂದರ್ಭ. ಬೂತುಗನ ಕಡೆಯ ಮಣಲೆರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಏನು ಬೇಕೋ ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ದಿಬ್ಬದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆತಕೂರಿನ ಚೆಲ್ಲೇಶ್ವರನ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುವುದೆಂದೂ ಬರೆಸಿದರು. ಮಣಲೆರನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಒಂದು ಊರೂ ಬಾಳ್ಗಳ್ಚು ಆಗಿ ಬಂದವು.

ಈ ಶಾಸನವನ್ನು ನಾಯಿಯ ಮೇಲಿನ ಪ್ರೀತಿಗೆ ಒಂದು ಮನೋಹರ ನಿದರ್ಶನವೆಂದು ಬಣ್ಣಿಸುವುದು ವಾಡಿಕೆ. ಪ್ರೀತಿ ನಿಜವೇ. ಆದರೆ ತಕ್ಕೋಲದ ಬಯಲಿನಲ್ಲಿ ಆ ದಿನ ಸತ್ತ ಕಾಲಾಳುಗಳಲ್ಲಿ ಎಷ್ಟು ಮಂದಿಯ ಮನೆಗೆ ಎರಡು ಖಂಡುಗ ಗದ್ದೆ ಬಂದಿರಬಹುದು? ಒಡೆಯನ ಕಣ್ಣಿಗೆ ಬಿದ್ದ ಸಾವಿಗೆ ಬೆಲೆ. ಅದು ನಾಯಿಯದಾದರೂ ಸರಿ.

ಹೆಂಗಸರ ವಿಷಯ ಇನ್ನೂ ಬೇರೆ. ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೈಹಿಡಿದು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರಿದ್ದಾರೆ. ಅವನ ಹೆಂಡತಿ ಕಾಣುವುದು ಹೆಚ್ಚಾಗಿ ಮಾಸ್ತಿಕಲ್ಲಿನಲ್ಲಿ, ಬಳೆ ತೊಟ್ಟು ಮೇಲೆತ್ತಿದ ಒಂದು ತೋಳಾಗಿ. ನೆತ್ತರುಗೊಡಗೆಯನ್ನು ಪಡೆಯಬಹುದಾಗಿದ್ದ ಕೈ ಅದು.

ಇಷ್ಟಾದರೂ ನಮ್ಮ ಹಿಂದಿನವರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಕೊಟ್ಟಾಗ ಅವರು ಮನೆಯವರ ಕೈಗೆ ಕೊಟ್ಟರು. ಹೊಯ್ಸಳರ ಕಾಲದಲ್ಲಿ ಅರಸನೇ ಅಲ್ಲದೆ ಊರ ಗೌಡರೂ ಪ್ರಜೆಗಳೂ ಕೂಡಿ, ಊರಿನ ದನಗಳನ್ನು ಬಿಡಿಸಿ ತರುವಾಗ ಸತ್ತವನ ಮಗನಿಗೋ ತಮ್ಮನಿಗೋ ಗದ್ದೆ ಬೆದ್ದಲುಗಳನ್ನು ಅಳೆದುಕೊಟ್ಟ ಸಂಗತಿಗಳು ಸಿಗುತ್ತವೆ. ಡಾ. ಚಿದಾನಂದಮೂರ್ತಿಯವರೂ ಡಾ. ಶೇಷಶಾಸ್ತ್ರಿಗಳೂ ಇಂಥ ನೂರಾರು ಕಲ್ಲುಗಳನ್ನು ಪರಿಶೀಲಿಸಿ ಬರೆದಿದ್ದಾರೆ. ಹಣವಲ್ಲ, ನೆಲ, ಒಮ್ಮೆ ಕೊಟ್ಟು ಮುಗಿಯುವುದಲ್ಲ, ವರ್ಷವರ್ಷವೂ ಬೆಳೆಯುವುದು. ಅದಕ್ಕೆ ಊರೇ ಸಾಕ್ಷಿ, ಕಲ್ಲೇ ದಾಖಲೆ.

ಧರ್ಮಶಾಸ್ತ್ರದ ಸಂಸ್ಕೃತ ಗ್ರಂಥಗಳಿಗೆ ಬಂದರೆ ಈ ಕೈ ಬದಲಾಗುವುದನ್ನು ಕಾಣುತ್ತೇವೆ. ಋಗ್ವೇದದಲ್ಲಿ ‘ವೈರದೇಯ’ ಎಂಬ ಶಬ್ದವಿದೆ. ಹಗೆಯನ್ನು ತೀರಿಸಲು ಕೊಡತಕ್ಕದ್ದು ಎಂದು ಅದರ ಅರ್ಥ. ‘ಶತದಾಯ’ ಎಂಬ ಇನ್ನೊಂದು ಶಬ್ದವನ್ನು ನೂರು ಹಸುಗಳ ಬೆಲೆಯುಳ್ಳವನು ಎಂದು ವಿದ್ವಾಂಸರು ವಿವರಿಸುತ್ತಾರೆ. ಆಪಸ್ತಂಬನ ಧರ್ಮಸೂತ್ರದಲ್ಲಿ ಪಟ್ಟಿಯೇ ಇದೆ: ಕ್ಷತ್ರಿಯನನ್ನು ಕೊಂದವನು ಸಾವಿರ ಹಸುಗಳನ್ನು ಕೊಡಬೇಕು, ವೈಶ್ಯನಾದರೆ ನೂರು, ಶೂದ್ರನಾದರೆ ಹತ್ತು; ಎಲ್ಲಕ್ಕೂ ಮೇಲೆ ಒಂದು ಹೋರಿ. ಒಂದು ಪ್ರಾಣಕ್ಕೂ ಇನ್ನೊಂದು ಪ್ರಾಣಕ್ಕೂ ನೂರು ಪಟ್ಟು ಅಂತರ. ಈ ಅಂಕಿಗಳನ್ನು ಓದಿ ನಾಚಿಕೆಪಡುವುದು ಸಹಜ. ಆದರೆ ಅಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಹಸುಗಳು ‘ವೈರಯಾತನ’ಕ್ಕೆ, ಎಂದರೆ ಹಗೆ ತೀರಿಸುವುದಕ್ಕೆ, ಹೋರಿ ಪ್ರಾಯಶ್ಚಿತ್ತಕ್ಕೆ. ಸತ್ತವನ ಕಡೆಯವರ ಸಿಟ್ಟು ಬೇರೆ, ಕೊಂದವನ ಪಾಪ ಬೇರೆ ಎಂಬ ವಿವೇಕ ಸೂತ್ರಕಾರನಿಗೆ ಇತ್ತು. ಹಗೆ ತೀರಬೇಕಾದರೆ ಹಸುಗಳು ಸತ್ತವನ ಬಂಧುಗಳಿಗೇ ಹೋಗಬೇಕಷ್ಟೆ. ಬೌಧಾಯನನಲ್ಲಿ ಅವು ರಾಜನಿಗೆ ಹೋಗುತ್ತವೆ. ಆಪಸ್ತಂಬನ ವ್ಯಾಖ್ಯಾನಕಾರ ಹರದತ್ತನ ಹೊತ್ತಿಗೆ ಬ್ರಾಹ್ಮಣರಿಗೆ. ಮನುವಿನಲ್ಲಿ ಗೋದಾನ ಬರುವುದು ಪ್ರಾಯಶ್ಚಿತ್ತದ ಅಧ್ಯಾಯದಲ್ಲಿಯೇ. ಹಗೆಯ ಬೆಲೆ ಪಾಪದ ಬೆಲೆಯಾಯಿತು. ಸತ್ತವನ ಮನೆಯ ಕೊಟ್ಟಿಗೆಗೆ ಬರಬೇಕಾಗಿದ್ದ ಹಸುಗಳು ಗ್ರಂಥದಿಂದ ಗ್ರಂಥಕ್ಕೆ ದಾರಿ ಬದಲಿಸಿದವು.

ಇದು ಪುಸ್ತಕದ ಮಾತು ಮಾತ್ರವೆಂದು ತಳ್ಳಿಹಾಕುವ ಹಾಗಿಲ್ಲ. ಚೋಳರ ಕಾಲದ, ಹೆಚ್ಚಾಗಿ ಹನ್ನೆರಡನೆಯ ಶತಮಾನದ ತಮಿಳು ಶಾಸನಗಳಲ್ಲಿ ಬೇಟೆಗೆ ಹೋದವನ ಬಾಣ ಗುರಿ ತಪ್ಪಿ ಮನುಷ್ಯನಿಗೆ ನಾಟಿದ ಪ್ರಕರಣಗಳು ಹಲವು ಇವೆ. ನಾಡವರು ಸಭೆ ಸೇರಿ ವಿಚಾರಿಸುತ್ತಾರೆ. ಬೇಕೆಂದು ಕೊಂದದ್ದಲ್ಲವೆಂದು ಕಂಡುಕೊಂಡು, ಅವನ ಪ್ರಾಣ ತೆಗೆಯದೆ, ಸತ್ತವನ ಹೆಸರಿನಲ್ಲಿ ಶಿವಾಲಯಕ್ಕೆ ದೀಪದ ದತ್ತಿ ಬಿಡುವಂತೆ ತೀರ್ಮಾನಿಸುತ್ತಾರೆ. ಒಂದು ನಂದಾದೀಪಕ್ಕೆ ರೂಢಿಯ ಲೆಕ್ಕ 96 ಕುರಿಗಳು. ಅವನ್ನು ‘ಸಾಯದ, ಮುಪ್ಪಾಗದ’ ಕುರಿಗಳೆಂದು ಶಾಸನಗಳು ಕರೆಯುತ್ತವೆ, ಏಕೆಂದರೆ ಸತ್ತದ್ದರ ಜಾಗಕ್ಕೆ ಮರಿಯನ್ನು ತುಂಬಿ ಸಂಖ್ಯೆಯನ್ನು ಕಾಯ್ದುಕೊಳ್ಳಬೇಕು. ಉದ್ದೇಶಕ್ಕೂ ಅಚಾತುರ್ಯಕ್ಕೂ ಭೇದವೆಣಿಸಿದ ಆ ಸಭೆಗಳ ನ್ಯಾಯಬುದ್ಧಿ ದೊಡ್ಡದು. ಕೊಂದವನಿಗೆ ಪಾಪ ಕಳೆಯಿತು, ದೇವರಿಗೆ ದೀಪ ಹತ್ತಿತು. ಸತ್ತವನ ಮಕ್ಕಳು ಆ ಬೆಳಕಿನಲ್ಲಿ ಏನು ಉಂಡರೆಂಬುದು ಶಾಸನದ ವಿಷಯವಲ್ಲ.

ಗಾಯದ ವಿಷಯದಲ್ಲಿ ನಮ್ಮ ಶಾಸ್ತ್ರ ಹೆಚ್ಚು ಮನುಷ್ಯಸಹಜವಾಗಿದೆ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ, ಇನ್ನೊಬ್ಬನ ಮೈಗೆ ನೋವುಂಟುಮಾಡಿದವನು ರಾಜನಿಗೆ ದಂಡ ತೆರುವುದರ ಜೊತೆಗೆ ಪೆಟ್ಟು ತಿಂದವನ ‘ಸಮುತ್ಥಾನ’ದ ವೆಚ್ಚವನ್ನೂ ಕೊಡಬೇಕು. ಸಮುತ್ಥಾನವೆಂದರೆ ಮತ್ತೆ ಎದ್ದು ನಿಲ್ಲುವುದು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಇದನ್ನು ಬಿಡಿಸಿ ಹೇಳುತ್ತಾನೆ: ಗಾಯ ಮಾಯುವುದಕ್ಕೆ ಬೇಕಾದ ಔಷಧದ ಖರ್ಚು, ಪಥ್ಯದ ಖರ್ಚು. ಪಥ್ಯವನ್ನು ಸೇರಿಸಿದ್ದು ನೋಡಿ! ಹಾಸಿಗೆ ಹಿಡಿದವನ ಗಂಜಿಗೂ ಲೆಕ್ಕವಿರಬೇಕೆಂದು ಹೊಳೆದದ್ದು, ಮನೆಯಲ್ಲಿ ರೋಗಿಯನ್ನು ಕಂಡ ಮನಸ್ಸಿಗೆ. ಮಿತಾಕ್ಷರವೆಂದರೆ ಆಸ್ತಿ ಹಂಚಿಕೆಯ ಗ್ರಂಥವೆಂದಷ್ಟೇ ತಿಳಿದ ನಮ್ಮ ವಕೀಲ ಮಿತ್ರರು ಈ ಭಾಗವನ್ನೂ ಒಮ್ಮೆ ತಿರುವಿಹಾಕಬೇಕು.

ಬೆರಳು ಬೆರಳಿಗೂ ಬೆಲೆ ಬರೆದಿಟ್ಟವರು ಬೇರೆಯವರು. ಪಡುವಣ ದೇಶಗಳ ಹಳೆಯ ಜರ್ಮಾನಿಕ್ ಜನಾಂಗಗಳಲ್ಲಿ ಕೊಲೆಗೆ ಪ್ರತಿಯಾಗಿ ದನಕುರಿಗಳನ್ನು ಕೊಟ್ಟು ಹಗೆ ತೀರಿಸಿಕೊಳ್ಳುತ್ತಿದ್ದರೆಂದೂ ಸತ್ತವನ ಇಡೀ ಮನೆತನ ಅದನ್ನು ಸ್ವೀಕರಿಸುತ್ತಿತ್ತೆಂದೂ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. ಮೊದಲ ಶತಮಾನದ ಕೊನೆಯಲ್ಲಿ ಬರೆದಿದ್ದಾನೆ. ಇದಕ್ಕೆ ‘ವೆರ್‌ಗಿಲ್ಡ್’ ಎಂದು ಹೆಸರು. ಆಳಿನ ಬೆಲೆ ಎಂದರ್ಥ. ಕ್ರಿ.ಶ. 600ರ ಸುಮಾರಿಗೆ ಇಂಗ್ಲೆಂಡಿನ ಕೆಂಟ್ ಪ್ರಾಂತದ ರಾಜ ಎಥೆಲ್‌ಬರ್ಟ್ ಬರೆಯಿಸಿದ ಕಟ್ಟಳೆಗಳು ಇಂಗ್ಲಿಷಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಕಾನೂನು. ಅದರ ಬಹುಭಾಗ ಒಂದು ಧಾರಣೆಪಟ್ಟಿ. ಸ್ವತಂತ್ರ ಮನುಷ್ಯನ ಪ್ರಾಣಕ್ಕೆ 100 ಷಿಲಿಂಗ್. ಕಣ್ಣಿಗೆ 50, ಪಾದಕ್ಕೆ 50, ಕಿವಿ ಕತ್ತರಿಸಿದರೆ 12. ಮುಂದಿನ ನಾಲ್ಕು ಹಲ್ಲುಗಳಿಗೆ ತಲಾ 6, ಅವುಗಳ ಪಕ್ಕದ ಹಲ್ಲಿಗೆ 4, ಹಿಂದೆ ಹೋದಂತೆ ಅಗ್ಗ. ಹೆಬ್ಬೆರಳಿಗೆ 20, ಅದರ ಉಗುರಿಗೆ 3. ನಡುವಿನ ಬೆರಳಿಗೆ 4, ಉಂಗುರದ ಬೆರಳಿಗೆ 6, ಕಿರುಬೆರಳಿಗೆ 11. ಕಿರುಬೆರಳು ನಡುವಿನ ಬೆರಳಿಗಿಂತ ಎರಡೂಮುಕ್ಕಾಲು ಪಟ್ಟು ಮಿಗಿಲೇಕೆ ಎಂಬ ಮರ್ಮವನ್ನು ಕತ್ತಿಯ ಹಿಡಿಯನ್ನು ಬಿಗಿಹಿಡಿದು ಬಲ್ಲವರು ಹೇಳಬೇಕು.

ನಗು ತರಿಸುವ ಈ ಪಟ್ಟಿಯಲ್ಲಿ ಒಂದು ಕಟ್ಟಳೆ ಮಾತ್ರ ನಗುವನ್ನು ನಿಲ್ಲಿಸುತ್ತದೆ. ಕೊಂದವನು 20 ಷಿಲಿಂಗನ್ನು ಗೋರಿ ಇನ್ನೂ ತೆರೆದಿರುವಾಗಲೇ ಕೊಡಬೇಕು. ಪೂರ್ತಿ ಹಣ 40 ದಿನಗಳೊಳಗೆ ಸಲ್ಲಬೇಕು. ಅವನು ನಾಡು ಬಿಟ್ಟು ಓಡಿದರೆ ಅರ್ಧವನ್ನು ಅವನ ಬಂಧುಗಳು ತೆರಬೇಕು. ಮಣ್ಣು ಮುಚ್ಚುವ ಮೊದಲೇ ಮನೆಯವರ ಕೈಗೆ ಐದನೆಯ ಒಂದು ಪಾಲು! ಆ ಕಾಲದವರು ಕಟುಕರಾಗಿರಬಹುದು, ಆದರೆ ಹಸಿವಿಗೆ ವಾಯಿದೆ ಇಲ್ಲವೆಂಬುದು ಅವರಿಗೆ ತಿಳಿದಿತ್ತು. ಅದೇ ಕಟ್ಟಳೆಗಳಲ್ಲಿ, ಸ್ವತಂತ್ರ ಮನುಷ್ಯನೊಬ್ಬನನ್ನು ಕೊಂದರೆ ರಾಜನಿಗೂ ಪ್ರತ್ಯೇಕವಾಗಿ 50 ಷಿಲಿಂಗ್ ಸಲ್ಲಬೇಕೆಂದಿದೆ. ಇಲ್ಲಿಯೂ ಇನ್ನೊಂದು ಕೈ ಚಾಚಿಕೊಂಡಿತ್ತು.

ಆ ಎರಡನೆಯ ಕೈ ಶತಮಾನಗಳು ಕಳೆದಂತೆ ಉದ್ದವಾಯಿತು. ಕೊಲೆಯೆಂಬುದು ರಾಜನಿಗೆ ವಿರುದ್ಧವಾದ ಅಪರಾಧವಾಗಿ, ಬಂಧುಗಳಿಗೆ ಸಲ್ಲುವ ಹಣ ಮರೆಯಾಯಿತು. ಮನುಷ್ಯನ ಸಾವಿಗೆ ಕಾರಣವಾದ ವಸ್ತು, ಅದು ಗಾಡಿಯಾಗಲಿ ಎತ್ತಾಗಲಿ, ‘ಡಿಯೋಡಂಡ್’ ಎಂಬ ಹೆಸರಿನಲ್ಲಿ ರಾಜಸ್ವವಾಗುತ್ತಿತ್ತು. ದೇವರಿಗೆ ಕೊಡತಕ್ಕದ್ದು ಎಂದು ಆ ಲ್ಯಾಟಿನ್ ಮಾತಿನ ಅರ್ಥ. ಧರ್ಮಕಾರ್ಯಕ್ಕೆ ಬಳಕೆಯಾಗಬೇಕೆಂಬುದು ತತ್ತ್ವ. ತಮಿಳು ಶಾಸನದ ದೀಪದ ನೆನಪಾಗುವುದಿಲ್ಲವೆ? ಅಲ್ಲಿ ದೀಪವಾದರೂ ಉರಿಯಿತು. ಇಲ್ಲಿ ದೇವರ ಹೆಸರಿನ ಹಣ ಬೊಕ್ಕಸಕ್ಕೋ ಜಮೀನಿನ ಒಡೆಯನಿಗೋ ಸೇರಿತು. 1808ರಲ್ಲಿ ಇಂಗ್ಲೆಂಡಿನ ಎಲೆನ್‌ಬರೊ ಎಂಬ ನ್ಯಾಯಾಧೀಶನು, ಮನುಷ್ಯನೊಬ್ಬನ ಸಾವನ್ನು ಸಿವಿಲ್ ನ್ಯಾಯಾಲಯದಲ್ಲಿ ನಷ್ಟವೆಂದು ದೂರಿಕೊಳ್ಳುವಂತಿಲ್ಲವೆಂದು ತೀರ್ಮಾನಿಸಿದನು. ಕುದುರೆಬಂಡಿ ಮಗುಚಿ ಹೆಂಡತಿಯನ್ನು ಕಳೆದುಕೊಂಡವನ ಮೊಕದ್ದಮೆ ಅದು. ಅವಳು ಗಾಯಗೊಂಡು ಬದುಕಿದ್ದಷ್ಟು ಕಾಲದ ನಷ್ಟಕ್ಕೆ ಮಾತ್ರ ಹಣ. ಸತ್ತ ಗಳಿಗೆಯಿಂದ ಮುಂದಕ್ಕೆ ಏನೂ ಇಲ್ಲ. ಕೈ ಮುರಿದರೆ ದಾವೆ ಹೂಡಬಹುದು, ಕೊಂದರೆ ಹೂಡಲಾಗದು ಎಂಬಂತಾಯಿತು.

ರೈಲುಗಾಡಿ ಬಂದ ಮೇಲೆ ಈ ನ್ಯಾಯ ನಿಲ್ಲಲಿಲ್ಲ. 1841ರ ಡಿಸೆಂಬರ್ 24ರಂದು ಸಾನಿಂಗ್ ಎಂಬಲ್ಲಿ ರೈಲು ಮಣ್ಣಿನ ಕುಸಿತಕ್ಕೆ ಡಿಕ್ಕಿ ಹೊಡೆದು, ಎಂಜಿನಿಗೂ ಸಾಮಾನಿನ ಗಾಡಿಗಳಿಗೂ ನಡುವೆ ತೆರೆದ ಡಬ್ಬಿಗಳಲ್ಲಿ ಕುಳಿತಿದ್ದ ಬಡ ಪ್ರಯಾಣಿಕರು ಸತ್ತರು. ವಿಚಾರಣೆಯ ಪಂಚರು ಎಂಜಿನು ಮತ್ತು ಗಾಡಿಗಳ ಮೇಲೆ 1,000 ಪೌಂಡಿನ ಡಿಯೋಡಂಡ್ ಹೇರಿದರು. ಅಷ್ಟು ದೊಡ್ಡ ಮೊತ್ತದಲ್ಲಿ ಸತ್ತವರ ಮನೆಗೆ ಸಲ್ಲತಕ್ಕದ್ದು ಒಂದು ಕಾಸೂ ಇರಲಿಲ್ಲ. 1846ರಲ್ಲಿ ಪಾರ್ಲಿಮೆಂಟು ಡಿಯೋಡಂಡನ್ನು ರದ್ದುಮಾಡಿತು. ಅದೇ ವರ್ಷ, ಸತ್ತವನ ಕುಟುಂಬದವರು ನಷ್ಟ ಕೇಳಬಹುದೆಂಬ ಕಾಯಿದೆಯನ್ನೂ ಮಾಡಿತು. ದೇವರ ಹೆಸರಿನ ಕೈ ಹಿಂದೆ ಸರಿದು ಮನೆಯವರ ಕೈ ಮುಂದೆ ಬಂತು.

ಆ ಕಾಯಿದೆಯ ನೆರಳೇ ನಮ್ಮ ದೇಶದ 1855ರ ಮಾರಕ ಅಪಘಾತಗಳ ಕಾಯಿದೆ. ಮುಂಬಯಿ-ಠಾಣೆಯ ನಡುವೆ ಮೊದಲ ರೈಲು ಓಡಿ ಆಗ ಎರಡು ವರ್ಷ. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು, ಇವರ ಹಿತಕ್ಕಾಗಿ ದಾವೆ ಹೂಡಬಹುದೆಂದು ಅದು ಹೇಳಿತು. ತಮ್ಮನಿಗೆ, ಅಣ್ಣನಿಗೆ ಅದರಲ್ಲಿ ಸ್ಥಾನವಿಲ್ಲ. ನಮ್ಮ ಹಳೆಯ ಗೌಡರು ತಮ್ಮನಿಗೂ ಗದ್ದೆ ಅಳೆದಿದ್ದರು.

ಕೂಲಿಕಾರರ ಪರಿಹಾರದ 1923ರ ಕಾಯಿದೆಯನ್ನು ಓದಿದಾಗ ನನಗೆ ಎಥೆಲ್‌ಬರ್ಟನ ಪಟ್ಟಿ ಮತ್ತೆ ಎದುರಿಗೆ ಬಂದು ನಿಂತಂತಾಯಿತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 25 ಪಾಲು ನಷ್ಟ. ಕೆಂಟಿನ ರಾಜನ ಲೆಕ್ಕ ನೂರಕ್ಕೆ 20. ತೋರುಬೆರಳಿಗೆ 10, ಉಳಿದ ಯಾವ ಬೆರಳಿಗಾದರೂ 5. ಒಂದು ಕಣ್ಣಿಗೆ 30. ಬಲತೋಳು ಮೊಣಕೈಯಿಂದ ಹೋದರೆ 70, ಎಡತೋಳು 60. ಎಡಚನ ಗತಿಯನ್ನು ಪಟ್ಟಿ ಕೇಳಲಿಲ್ಲ. ಸತ್ತರೆ 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಬದುಕಿಯೂ ಕೆಲಸಕ್ಕೆ ಬಾರದವನಾದರೆ 42 ತಿಂಗಳ ಕೂಲಿ ಅಥವಾ 3,500. ಸತ್ತವನು ಅಗ್ಗ, ಏಕೆಂದರೆ ಅವನು ಉಣ್ಣುವುದಿಲ್ಲ. ಇನ್ನೂ ಪ್ರಾಯಕ್ಕೆ ಬಾರದ ಹುಡುಗ ಸತ್ತರೆ 200 ರೂಪಾಯಿ, ಅಷ್ಟೇ. ವರ್ಣಗಳ ಪಟ್ಟಿ ಹೋಗಿ ಕೂಲಿಯ ಪಟ್ಟಿ ಬಂತೆಂದು ನಾವು ಸಮಾಧಾನಪಡಬಹುದು; ಆದರೆ ಹೆಚ್ಚು ಕೂಲಿಯವನ ಹೆಬ್ಬೆರಳು ಕಡಿಮೆ ಕೂಲಿಯವನ ಹೆಬ್ಬೆರಳಿಗಿಂತ ಹೆಚ್ಚು ಬಾಳುತ್ತದೆಂಬುದು ಉಳಿದೇ ಇತ್ತು.

ಆ ಕಾಯಿದೆಯನ್ನು ರೂಪಿಸಿದವರು ಒಂದು ವಿಷಯದಲ್ಲಿ ಮಾತ್ರ ದೂರದೃಷ್ಟಿ ತೋರಿದರು. ಸಾವಿನ ಹಣವನ್ನು ಧಣಿ ತಾನೇ ಮನೆಗೆ ಹೋಗಿ ಕೊಡುವಂತಿಲ್ಲ. ಕಮಿಷನರರಲ್ಲಿ ಠೇವಣಿ ಇಡಬೇಕು, ಅವರು ಅವಲಂಬಿತರಿಗೆ ಹಂಚಬೇಕು. ಸಾಲಗಾರರು ಅದನ್ನು ಜಪ್ತಿ ಮಾಡುವಂತಿಲ್ಲ, ಪಡೆಯುವವನು ಅದನ್ನು ಅಡವಿಡುವಂತೆಯೂ ಇಲ್ಲ. ಹಣ ಹೊರಟ ಕೈಗೂ ಸೇರಬೇಕಾದ ಕೈಗೂ ನಡುವೆ ಎಷ್ಟು ಕೈಗಳು ಕಾದಿರುತ್ತವೆಂಬುದನ್ನು ಅವರು ಅರಿತಿದ್ದರು.

ಮೋಟಾರು ಅಪಘಾತಗಳ ನ್ಯಾಯಮಂಡಳಿಗಳ ಕಥೆ ಓದುಗರಿಗೆ ಗೊತ್ತಿರುವಂಥದೇ, ವಿಸ್ತರಿಸಲಾರೆ. ತಪ್ಪು ಯಾರದೆಂದು ಕೇಳದೆ ಸಾವಿಗೆ 15,000 ರೂಪಾಯಿ ಕೊಡಬೇಕೆಂದು 1982ರಲ್ಲಿ ಕಾನೂನಾಯಿತು. 1994ರಲ್ಲಿ ಸೇರಿಸಿದ ಒಂದು ಪಟ್ಟಿ, ಸಂಪಾದನೆಯಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿಯ ಕಲ್ಪಿತ ವರಮಾನವನ್ನು ಇಟ್ಟುಕೊಂಡಿತು. ಮನೆಯಲ್ಲಿರುವ ಹೆಂಡತಿಗೆ ದುಡಿಯುವ ಗಂಡನ ವರಮಾನದ ಮೂರನೆಯ ಒಂದು ಪಾಲು. ಗಂಡ ಗುಮಾಸ್ತನಾದರೆ ಅವಳ ಅಡಿಗೆಗೆ ಒಂದು ಬೆಲೆ, ಅಧಿಕಾರಿಯಾದರೆ ಅದೇ ಅಡಿಗೆಗೆ ಇನ್ನೊಂದು! 1989ರ ಮಾರ್ಚಿಯಲ್ಲಿ ಜಮ್‌ಶೆಡ್‌ಪುರದಲ್ಲಿ ನಡೆದ ಬೆಂಕಿ ಅನಾಹುತದ ಪ್ರಕರಣವನ್ನು 2001ರಲ್ಲಿ ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವು ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿಯ ಬೆಲೆ ಕಟ್ಟಿತು. ಮೊತ್ತ ಸಣ್ಣದು. ಆದರೆ ಅವಳ ದುಡಿಮೆಯನ್ನು ಗಂಡನ ಸಂಬಳದ ಭಿನ್ನರಾಶಿಯಾಗಿ ಎಣಿಸದೆ ಅದಕ್ಕೇ ಒಂದು ಬೆಲೆ ಇಟ್ಟದ್ದು ಸಣ್ಣದಲ್ಲ. ಆ ಪಟ್ಟಿಯನ್ನು 2019ರ ತಿದ್ದುಪಡಿ ತೆಗೆದುಹಾಕಿತು.

ಬೆಲೆ ಕಟ್ಟಿದ ಮೇಲೂ ಹಳೆಯ ಪ್ರಶ್ನೆ ಹಾಗೆಯೇ ಉಳಿಯಿತು. ನ್ಯಾಯಮಂಡಳಿಯ ಬಾಗಿಲಲ್ಲಿ ಚೆಕ್ಕು ಪಡೆದ ವಿಧವೆಯ ಹಿಂದೆ ಮೈದುನ, ಸಾಲ ಕೊಟ್ಟವನು, ಓಡಾಡಿ ಕೆಲಸ ಮಾಡಿಸಿಕೊಟ್ಟವನು ಸಾಲಾಗಿ ನಿಲ್ಲುತ್ತಾರೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕಾಗಿಯೇ ನ್ಯಾಯಮಂಡಳಿಗಳಿಗೆ ಕೆಲವು ಸೂಚನೆಗಳನ್ನು ಕೊಟ್ಟಿತು. ಮಕ್ಕಳ ಪಾಲನ್ನು ಅವರು ಪ್ರಾಯಕ್ಕೆ ಬರುವವರೆಗೆ ಠೇವಣಿಯಲ್ಲಿ ಇಡಬೇಕು. ಓದುಬರಹ ಬಾರದವರ ಹಣವನ್ನೂ ಹಾಗೆಯೇ ಇಡುವುದು ಲೇಸು; ಮನೆಯನ್ನೋ ದುಡಿಮೆಯ ಸಾಧನವನ್ನೋ ಕೊಳ್ಳುವುದಿದ್ದರೆ, ಅದು ನಿಜವೆಂದು ಖಾತರಿಪಡಿಸಿಕೊಂಡು ಬಿಡಬಹುದು. ಠೇವಣಿಯ ಮೇಲೆ ಬ್ಯಾಂಕು ಸಾಲವನ್ನಾಗಲಿ ಮುಂಗಡವನ್ನಾಗಲಿ ಕೊಡಕೂಡದು. ಬಡ್ಡಿಯನ್ನು ತಿಂಗಳಿಗೊಮ್ಮೆ ನೇರವಾಗಿ ಅವಳ ಕೈಗೇ ಕೊಡಬೇಕು.